ಸಹಾಯ ಬೇಕು: ಕೊಲ್ಲಿಮಲೆ ಇಳಿಯುವಾಗ ಬ್ರೇಕ್ ಕಾಯದ ಹಾಗೆ ಏನು ಮಾಡ್ತೀರಿ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬೆಂಗಳೂರಿನಿಂದ ನಾವು ಆರು ಸ್ಪೋರ್ಟ್ಸ್ ಕಾರಿನವರು ತಮಿಳುನಾಡಿನ ಕೊಲ್ಲಿಮಲೆ ಬೆಟ್ಟಕ್ಕೆ ಹೊರಟಿದ್ದೇವೆ. 70 ಹೇರ್‌ಪಿನ್ ತಿರುವು! ಹತ್ತೋದು ಹಬ್ಬ. ಭಯ ಇರೋದು ಇಳಿಯೋದರಲ್ಲಿ.

ಹೋದ ವರ್ಷ ಇಳಿಯುವಾಗ ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿ ಒಳಗೆ ಹೋಗಿಬಿಟ್ಟಿತು. ಮೊದಲನೇ ಗೇರಿಗೆ ಹಾಕಿ ಹೇಗೋ ನಿಲ್ಲಿಸಿದೆ. ಚಕ್ರದಿಂದ ಸುಟ್ಟ ವಾಸನೆ. ಪಕ್ಕದ ಸೀಟಿನಲ್ಲಿದ್ದ ಮಗಳು ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ನೆ ಕೂತಿದ್ದಳು.

ಆಗ ಇದ್ದ ಬ್ರೇಕ್ ಆಯಿಲ್ ಮೂರು ವರ್ಷ ಹಳೆಯದು. ಅದು ನೀರಿನ ಪಸೆ ಹೀರಿಕೊಂಡರೆ ಬೇಗ ಕುದಿಯುತ್ತೆ ಅಂತ ಆಮೇಲೆ ಗೊತ್ತಾಯ್ತು. ಈಗ ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಹಾಕಿಸಿದ್ದೇನೆ. ಇಷ್ಟು ಸಾಕಾ? ಬ್ರೇಕ್ ಪ್ಯಾಡೂ ಬದಲಿಸಬೇಕಾ? ಎಷ್ಟು ತಿರುವಿಗೊಮ್ಮೆ ನಿಲ್ಲಿಸಿ ಬ್ರೇಕ್ ಆರಿಸ್ತೀರಿ? ತಗ್ಗಿನ ಕಾರಲ್ಲಿ ಹೋಗಿ ಬಂದವರು ದಯವಿಟ್ಟು ಹೇಳಿ. ಈ ಸಲವೂ ಮಗಳು ಬರ್ತಾಳಂತೆ.