ಹುಬ್ಬಳ್ಳಿಯಿಂದ ಶಿರಸಿಗೆ ಒಂದು ದಿನ: ಅವ್ವನ್ನ ಕರ್ಕೊಂಡು ಎಲ್ಲೆಲ್ಲಿ ಹೋಗೂದು, ಎಲ್ಲಿ ಉಣ್ಣೂದು?

ಉಣಕಲ್ ಕೆರಿ ದಂಡಿ:

ಎಲ್ಲಾರಿಗೂ ನಮಸ್ಕಾರ. ಸಂಕ್ರಾಂತಿ ಮುಗದ ಮ್ಯಾಲಿನ ರವಿವಾರ ನಾವು ಐದು ಮಂದಿ ಕಾರ್ ತಗೊಂಡು ಶಿರಸಿ ಕಡೆ ಬರಾಕತ್ತೀವಿ. ನಾನು, ನನ್ನ ಹೆಂಡತಿ, ಎರಡು ಹುಡುಗ್ರು, ನಮ್ಮವ್ವ. ಅವ್ವಗ ಈಗ 71. ಮೊಣಕಾಲು ನೋವು ಐತಿ. ಸಪಾಟ ನೆಲದಾಗ ನಡೀತಾಳ, ಮೆಟ್ಟಲ ಅಂದ್ರ ಹತ್ತು ಏರೂದ್ರಾಗ ಕುಂತು ಬಿಡ್ತಾಳ. ಮಾರಿಕಾಂಬಾಗ ಉಡಿ ತುಂಬೂದು ಆಕಿದು ಮೂರು ವರ್ಷದಿಂದ ಬಾಕಿ ಉಳದೈತಿ. ನನ್ನ ಆಪರೇಷನ್ ಆದಾಗ ಹರಕಿ ಹೊತ್ತಿದ್ಲು.

ನಾನು ಬರದಿಟ್ಕೊಂಡಿದ್ದು ಹಿಂಗೈತಿ: ಮುಂಜಾನೆ ಶಿರಸಿ, ಆಮ್ಯಾಲೆ ಸಹಸ್ರಲಿಂಗ, ಯಾಣ, ಗೋಕರ್ಣ, ಸಂಜಿಕ್ಕ ಮುರ್ಡೇಶ್ವರ, ರಾತ್ರಿ ವಾಪಸ್. ಹುಡುಗ್ರಿಗೆ ಸಮುದ್ರ ಬೇಕಂತ. ಒಂದ ದಿನದಾಗ ಆಗ್ತೈತೇನು? ಮಧ್ಯಾಹ್ನದ ಊಟ ಎಲ್ಲಿ? ಅವ್ವಗ ಖಾರ, ಮಸಾಲಿ ತಡ್ಯಂಗಿಲ್ಲ.

ಹುಲೇಕಲ್ ರಸ್ತೆ:

ತಮ್ಮಾ, ಇಷ್ಟೆಲ್ಲ ಒಂದೇ ದಿನಕ್ಕೆ ಬೇಡ. ಹುಬ್ಬಳ್ಳಿಯಿಂದ ಶಿರಸಿಗೇ ಸುಮಾರು ನೂರು ಕಿಲೋಮೀಟರ್. ಶಿರಸಿಯಿಂದ ಕುಮಟಾ ಇನ್ನೊಂದು ಅರವತ್ತು, ಅದರಲ್ಲಿ ದೇವಿಮನೆ ಘಟ್ಟದ ತಿರುವುಗಳು ಬೇರೆ. ಕೆಲವು ವರ್ಷದ ಹಿಂದೆ ನಾನೇ ಬೆಂಗಳೂರಿನ ನೆಂಟರನ್ನು ಹೀಗೆ ಓಡಿಸಿದ್ದೆ. ಘಟ್ಟ ಇಳಿಯುವಾಗ ತಂಗಿಯ ಮಗ ಎರಡು ಸಲ ವಾಂತಿ ಮಾಡಿದ. ಯಾಣ ತಲುಪುವಷ್ಟರಲ್ಲಿ ಹೊತ್ತು ಇಳಿದಿತ್ತು. ನನ್ನ ಅತ್ತೆಗೆ ಮೆಟ್ಟಿಲು ಹತ್ತಲಾಗದೆ ಕಾರಿನಲ್ಲೇ ಒಬ್ಬರೇ ಕೂತರು. ನಾವೆಲ್ಲ ಭೈರವೇಶ್ವರ ಶಿಖರ ನೋಡಿ ಬಂದಾಗ "ಚೆನ್ನಾಗಿತ್ತಾ?" ಎಂದು ಕೇಳಿದರು. ಆ ಪ್ರಶ್ನೆ ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಅಂದಿನಿಂದ ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ: ಹಿರಿಯರ ಕಾಲು ಎಷ್ಟು ದೂರ ಹೋಗುತ್ತದೋ ಅಷ್ಟೇ ದೂರದ ತಿರುಗಾಟ ಇಟ್ಟುಕೊಳ್ಳಿ.

ನಿಮ್ಮ ಅಮ್ಮ ಬರುತ್ತಿರುವುದೇ ದೇವಿಗೆ. ಹಾಗಾಗಿ ಬೆಳಿಗ್ಗೆ ಆರಕ್ಕೇ ಹೊರಟು ಮುಂಡಗೋಡ ಮೇಲೆ ಬನ್ನಿ. ಮೊದಲು ಮಾರಿಗುಡಿ. ಎರಡು ವರ್ಷಕ್ಕೊಮ್ಮೆ ಜಾತ್ರೆ ಬರುತ್ತದೆ, ಆಗ ಉಡಿ ತುಂಬಲು ತಾಸುಗಟ್ಟಲೆ ಸಾಲು. ಬೇರೆ ದಿನ ಬೆಳಿಗ್ಗೆ ನಿಧಾನವಾಗಿ ಕಣ್ತುಂಬ ನೋಡಬಹುದು. ಗೋಡೆಯ ಮೇಲಿನ ಕಾವಿ ಕಲೆಯನ್ನು ಮಕ್ಕಳಿಗೆ ತೋರಿಸಿ. ಬಿಳಿ ಸುಣ್ಣದ ಮೇಲೆ ಕೆಂಪು ಮಣ್ಣಿನ ಚಿತ್ರ, ಕೆರೆದು ಬಿಡಿಸಿದ್ದು. ಎಷ್ಟೋ ಕಡೆ ಬಣ್ಣ ಬಳಿದು ಅದನ್ನು ಅಳಿಸಿಬಿಟ್ಟಿದ್ದಾರೆ, ಇಲ್ಲಿ ಉಳಿದಿದೆ.

ತಿಂಡಿ ಪೇಟೆಯಲ್ಲೇ ಮಾಡಿ. ಬನ್ಸ್, ಇಡ್ಲಿ ಎಲ್ಲಾ ಕಡೆ ಸಿಗುತ್ತದೆ. ನಾವು ಮನೆಯಲ್ಲಿ ತೆಳ್ಳೇವು ಎನ್ನುವುದು ಹೋಟೆಲಿನಲ್ಲಿ ನೀರ್ದೋಸೆ. ಖಾರ ಇಲ್ಲ, ಅಮ್ಮನಿಗೆ ಹಿತ. ಜೋನಿ ಬೆಲ್ಲ, ಅಂದರೆ ಜೇನಿನ ಹಾಗೆ ಹರಿಯುವ ಬೆಲ್ಲ, ಇದೆಯಾ ಎಂದು ಕೇಳಿ ನೋಡಿ.

ಆಮೇಲೆ ಸಹಸ್ರಲಿಂಗ, ಯಲ್ಲಾಪುರ ರಸ್ತೆಯಲ್ಲಿ ಭೈರುಂಬೆ ಹತ್ತಿರ. ಶಾಲ್ಮಲೆ ಹೊಳೆಯ ಹಾಸುಗಲ್ಲುಗಳಲ್ಲೇ ಲಿಂಗ, ಎದುರಿಗೆ ನಂದಿ. ಸೋದೆಯ ಅರಸ ಸದಾಶಿವರಾಯ (1678–1718) ಮಾಡಿಸಿದ್ದು. ಮಳೆಗಾಲದಲ್ಲಿ ನೀರಿನಡಿ ಇರುತ್ತವೆ, ಈಗ ಹೊಳೆ ಇಳಿದಿದೆ, ಕಾಣುತ್ತವೆ. ಆದರೆ ಅಮ್ಮನನ್ನು ಕಲ್ಲಿನ ಮೇಲೆ ನಡೆಸಬೇಡಿ. ಪಾಚಿ ಇರುತ್ತದೆ. ಮೇಲೆ ನೆರಳಲ್ಲಿ ಅವರ ಜೊತೆ ಒಬ್ಬರು ಕೂತು, ಇನ್ನೊಬ್ಬರು ಮಕ್ಕಳ ಕೈ ಹಿಡಿದು ಇಳಿಯಿರಿ, ಆಮೇಲೆ ಬದಲಾಯಿಸಿಕೊಳ್ಳಿ. ಮಕ್ಕಳಿಗೆ ಒಂದು ಸಂಗತಿ ಹೇಳಿ: ನಿಮ್ಮ ಧಾರವಾಡದ ಸೋಮೇಶ್ವರದಲ್ಲೂ ಒಬ್ಬಳು ಶಾಲ್ಮಲೆ ಹುಟ್ಟುತ್ತಾಳೆ. ಅವಳು ಬೇಡ್ತಿಯಾಗಿ ಬರುತ್ತಾಳೆ, ನಮ್ಮವಳು ಅವಳನ್ನು ಕೂಡುತ್ತಾಳೆ, ಆಮೇಲೆ ಗಂಗಾವಳಿ ಎಂಬ ಹೆಸರಲ್ಲಿ ಸಮುದ್ರ ಸೇರುತ್ತಾರೆ.

ಮಧ್ಯಾಹ್ನದ ಊಟಕ್ಕೆ ಸೋಂದಾ (ಸೋದೆ ಎಂದರೂ ಅದೇ) ವಾದಿರಾಜ ಮಠ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅನ್ನ, ಸಾರು, ಪಾಯಸ. ನೆಲದ ಮೇಲೆ ಪಂಕ್ತಿ. ಅಮ್ಮನಿಗೆ ಕೂರಲಾಗದಿದ್ದರೆ ಮೊದಲೇ ಹೇಳಿ, ಕುರ್ಚಿ ಕೇಳಲು ಸಂಕೋಚ ಬೇಡ. ಪಂಕ್ತಿ ಎಷ್ಟು ಹೊತ್ತಿಗೆ ಎಂದು ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಈಗ ಆಲೆಮನೆ ಕಾಲ, ಇದನ್ನಂತೂ ಬಿಡಲೇಬೇಡಿ. ಹಳ್ಳಿ ರಸ್ತೆಯಲ್ಲಿ ಬರುವಾಗ ಬೆಲ್ಲ ಕಾಯುವ ವಾಸನೆ ಬಂದರೆ ಕಾರು ನಿಲ್ಲಿಸಿ ಕೇಳಿ. ನಮ್ಮ ಕಡೆ ಆಲೆಮನೆಗೆ ಬಂದವರನ್ನು ಹಾಗೇ ಕಳಿಸುವ ಪದ್ಧತಿ ಇಲ್ಲ. ಕಬ್ಬಿನ ಹಾಲಿಗೆ ಶುಂಠಿ, ಲಿಂಬೆ ಹಿಂಡಿ ಕೊಡುತ್ತಾರೆ. ಕೊಪ್ಪರಿಗೆಯ ನೊರೆಬೆಲ್ಲ ಬಾಳೆಲೆ ತುಂಡಿನಲ್ಲಿ ಬಿಸಿಬಿಸಿ ತಿಂದರೆ ನಿಮ್ಮ ಮಕ್ಕಳು ಸಮುದ್ರ ಕೇಳುವುದಿಲ್ಲ. ತೊಡೆದೇವು ಮಾಡುತ್ತಿದ್ದರೆ ನಿಂತು ನೋಡಿ. ಅಕ್ಕಿಯನ್ನು ಕಬ್ಬಿನ ಹಾಲಲ್ಲಿ ತೆಳ್ಳಗೆ ಹಿಟ್ಟು ಮಾಡಿ, ಬೆಂಕಿಯ ಮೇಲೆ ಬೋರಲು ಹಾಕಿದ ಮಡಕೆಗೆ ಬಟ್ಟೆ ಸುತ್ತಿದ ಕೋಲಿಂದ ಒಂದೇ ಎಳೆತಕ್ಕೆ ಬಳಿಯುವುದು. ಕಾಗದದ ಹಾಗೆ ಏಳುತ್ತದೆ. ಬಿಸಿ ಇರುವಾಗಲೇ ಮಡಚಬೇಕು, ಒಂದು ಕ್ಷಣ ತಡವಾದರೆ ಪುಡಿ. ನನ್ನ ಅಜ್ಜಿಯ ಬೆರಳ ತುದಿಗಳು ಇದರಿಂದಲೇ ಗಟ್ಟಿಯಾಗಿದ್ದವು.

ಸಂಜೆ ಬನವಾಸಿ. ಶಿರಸಿಯಿಂದ 24 ಕಿಲೋಮೀಟರ್ ಆಸುಪಾಸು. ಮಧುಕೇಶ್ವರನ ಗುಡಿ ಅಂಗಳ ಬಹುಮಟ್ಟಿಗೆ ಸಪಾಟು, ಅಮ್ಮ ತಾವೇ ಸುತ್ತು ಹಾಕಬಹುದು. ಕಲ್ಲಿನ ಮಂಚ ನೋಡದೆ ಬರಬೇಡಿ. ಕದಂಬರು ಕನ್ನಡದಲ್ಲಿ ಆಡಳಿತ ನಡೆಸಿದ ಊರು ಅದು. ವರದೆಯ ದಡದಲ್ಲಿ ಸ್ವಲ್ಪ ಹೊತ್ತು ಕೂತು ಹೊರಡಿ. ಅಲ್ಲಿಂದ ಮತ್ತೆ ಶಿರಸಿಗೆ ಬರಬೇಕಿಲ್ಲ, ಹಾನಗಲ್ ಮೇಲೆ ಹುಬ್ಬಳ್ಳಿ ಸೇರಬಹುದು.

ಕೋಡಿಬಾಗ:

ಅಕ್ಕ ಹೇಳಿದ್ದು ಸರಿಯಾಗಿದೆ. ಸಮುದ್ರಕ್ಕೆ ಇನ್ನೊಮ್ಮೆ ಬನ್ನಿ, ಒಂದು ರಾತ್ರಿ ಉಳಿಯುವ ಹಾಗೆ. ಹುಬ್ಬಳ್ಳಿ–ಯಲ್ಲಾಪುರ–ಅಂಕೋಲಾ ರಸ್ತೆ ಹಿಡಿದು ಅರಬೈಲ್ ಘಟ್ಟ ಇಳಿದರೆ ನೇರ ಕಾರವಾರ. ರವೀಂದ್ರನಾಥ ಟಾಗೋರರು ಬಂದು ಉಳಿದಿದ್ದ ಊರು, ಕಡಲತೀರಕ್ಕೆ ಅವರದೇ ಹೆಸರು. ದಂಡೆಯಲ್ಲೇ ಯುದ್ಧನೌಕೆ ಸಂಗ್ರಹಾಲಯ ಇದೆ, ಹುಡುಗರು ಒಳಗೆ ಹೊಕ್ಕರೆ ಹೊರಗೆ ಬರುವುದಿಲ್ಲ. ಮೀನು ತಿನ್ನುವವರಾದರೆ ತಿರ್ಫಳ ಎಂಬ ಘಮದ ಕಾಯಿ ಹಾಕಿದ ಬಂಗುಡೆ ಸಾರು, ಕುಚಲಕ್ಕಿ ಅನ್ನ, ಮೇಲೆ ಕುಡಿಯಲು ಮುರುಗಲು ಹುಳಿಯ ಸೋಲ್ ಕಡಿ. ಜೂನ್, ಜುಲೈನಲ್ಲಿ ಮಾತ್ರ ಬರಬೇಡಿ. ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ, ತಾಜಾ ಮೀನು ಕಡಿಮೆ. ಸಮುದ್ರವೂ ಆಗ ಇಳಿಯುವ ಹಾಗಿರುವುದಿಲ್ಲ.

ಉಣಕಲ್ ಕೆರಿ ದಂಡಿ:

ಅಕ್ಕಾರ, ನಿಮ್ಮ ಅತ್ತಿಯವರ ಮಾತು ಓದಿ ಸುಮ್ನ ಕುಂತೆ. ನಮ್ಮವ್ವನೂ ಹಂಗ ಕೇಳಾಕಿನ. ಯಾಣ, ಗೋಕರ್ಣ, ಮುರ್ಡೇಶ್ವರ ಮೂರೂ ಹೊಡದ್ ಹಾಕೀನಿ. ಕೋಡಿಬಾಗ ಅಣ್ಣಾರ, ನಾವು ಮೀನ ತಿನ್ನಂಗಿಲ್ಲ, ಆದ್ರ ಮಾರ್ಚ್ ಪರೀಕ್ಷೆ ಮುಗದ ಮ್ಯಾಲೆ ಹುಡುಗ್ರನ್ನ ಕರ್ಕೊಂಡು ಬರ್ತೀನಿ. ಅಕ್ಕಾರ, ಇನ್ನೊಂದು ಕೇಳೂದೈತಿ. ಮನಿಗೆ ಏನ ಕಟ್ಕೊಂಡು ಹೋಗೂದು? ಅವ್ವ ಅಪ್ಪೆಹುಳಿ ಅಂತ ಯಾರ್ದೋ ಮನ್ಯಾಗ ಕುಡದಿದ್ಲಂತ, ಅದು ಸಿಗ್ತೈತೇನು?

ಹುಲೇಕಲ್ ರಸ್ತೆ:

ಅಪ್ಪೆಹುಳಿ ಕಟ್ಟಿಕೊಂಡು ಹೋಗುವಂಥದ್ದಲ್ಲ ತಮ್ಮಾ, ಮನೆಯಲ್ಲೇ ಮಾಡಬೇಕು. ಹೊಸ ಅಪ್ಪೆಮಿಡಿ, ಅಂದರೆ ಘಮದ ಎಳೆ ಮಾವಿನಕಾಯಿ, ಬರಲು ಮಾರ್ಚ್ ಆಗಬೇಕು. ಈಗ ನಾವು ಉಪ್ಪಿನಲ್ಲಿ ಇಟ್ಟ ಮಾವಿನಕಾಯಿಯಲ್ಲೇ ಮಾಡುತ್ತೇವೆ. ಕಾಯಿ ಬೇಯಿಸಿ ಕಿವುಚಿ, ಬೇಕಾದಷ್ಟು ನೀರು ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಒಂದು ಒಣಮೆಣಸು. ಬೇಳೆ, ಮಸಾಲೆ ಯಾವುದೂ ಇಲ್ಲ. ಕುಡಿದು ಮಲಗಿದರೆ ಒಳ್ಳೆ ನಿದ್ದೆ. ಉಪ್ಪಿನಲ್ಲಿಟ್ಟದ್ದಾದರೆ ಮತ್ತೆ ಉಪ್ಪು ಹಾಕಬೇಡಿ, ಅಮ್ಮನಿಗೆ ರಕ್ತದೊತ್ತಡ ಇದ್ದರೆ ಕಾಯಿಯನ್ನು ಮೊದಲು ನೀರಲ್ಲಿ ನೆನೆಸಿ ಆ ನೀರು ಚೆಲ್ಲಿ.

ಕಟ್ಟಿಕೊಂಡು ಹೋಗಲು ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ. ತೋಟಗಾರರ ಸೊಸೈಟಿಯ ಸೂಪರ್ ಮಾರ್ಕೆಟ್ ಶಿರಸಿಯಲ್ಲೇ ಇದೆ, 1923ರಲ್ಲಿ ಶುರುವಾದ ಸಂಘ. ಭಾನುವಾರ ತೆಗೆದಿರುತ್ತಾರಾ ಎಂದು ಮೊದಲೇ ವಿಚಾರಿಸಿಕೊಳ್ಳಿ. ತೊಡೆದೇವಿಗೆ ಮನೆಯಿಂದಲೇ ಅಗಲವಾದ ಸ್ಟೀಲ್ ಡಬ್ಬಿ ತನ್ನಿ. ಕಾರಿನ ಡಿಕ್ಕಿಯಲ್ಲಿ ಇಡಬೇಡಿ, ಅಮ್ಮನ ತೊಡೆಯ ಮೇಲೆ ಇರಲಿ. ಮನೆಯಲ್ಲಿ ಬಿಸಿ ಹಾಲು, ತುಪ್ಪ ಹಾಕಿ ಕೊಡಿ. ಹೊರಡುವ ಮುನ್ನ ಇಲ್ಲೇ ಒಂದು ಸಾಲು ಬರೆಯಿರಿ, ಆ ವಾರ ನಮ್ಮೂರಲ್ಲಿ ಯಾರ ಮನೆ ಆಲೆ ಕಟ್ಟಿದೆ ಎಂದು ವಿಚಾರಿಸಿ ಹೇಳುತ್ತೇನೆ.