ಯುಗಾದಿ ಒಳಗ ದುಂಡು ಮಲ್ಲಿಗಿ ಹೂವಿಗೆ ಬರಬೇಕಂದ್ರ ಯಾವಾಗ ಸವರಬೇಕು?

ಹಿತ್ತಲಹೂ, ಹುಬ್ಬಳ್ಳಿ
ಹಿತ್ತಲದಾಗ ದುಂಡು ಮಲ್ಲಿಗಿ ಆರು ಗಿಡ ಅದಾವ್ರಿ, ನಾಲ್ಕು ವರ್ಷದವು. ಎರಿ (ಕಪ್ಪು) ಮಣ್ಣು, ಬೋರ್ ನೀರು. ಹೂವು ಏಪ್ರಿಲ್ ಕಡೀಗೆ ಬರ್ತಾವ, ಅದಕ್ಕೂ ಮೊದಲ ಬೇಕು. ಈಗ ನವೆಂಬರ್ ನಡದೈತಿ, ಕತ್ತರಿ ಯಾವಾಗ ಹಾಕಲಿ, ಎಷ್ಟು ಎತ್ತರಕ್ಕ? ಇನ್ನೊಂದು, ಹೊಸ ಎಲಿ ಹಳದಿ ಆಗ್ಯಾವ, ನರ ಅಷ್ಟ ಹಸರ ಉಳದಾವ. ಯೂರಿಯಾ ಹಾಕಲೇನ್ರಿ?

ಮಸಾರಿತೋಟ, ಧಾರವಾಡ
ನವೆಂಬರ್ ಕಡೀ ವಾರ ಸವರ್ರಿ. ದುಂಡು ಮಲ್ಲಿಗಿ ಮೊಗ್ಗು ಕಟ್ಟೂದು ಹೊಸ ಚಿಗುರಿನ ತುದಿಗೆ, ಹಳೇ ಕಡ್ಡಿ ಸವರದ ಹಂಗ ಬಿಟ್ರ ಹೂವು ಕಡಿಮಿ. ಎಂಟು-ಹತ್ತು ದಿನ ಮೊದಲ ನೀರು ಬಂದ್ ಮಾಡ್ರಿ. ಎಲಿ ಬಾಡಿದ ಮ್ಯಾಲ ನೆಲದಿಂದ ಒಂದೂವರಿ ಅಡಿ ಬಿಟ್ಟು, ಕಣ್ಣಿನ (ಚಿಗುರು ಒಡಿಯೂ ಗಿಣ್ಣಿನ) ಮ್ಯಾಲ ಕಾಲು ಇಂಚಿಗೆ ಓರೆಯಾಗಿ ಕತ್ತರಸ್ರಿ. ಒಣಗಿದ್ದು, ಸೊರಗಿದ್ದು ಬುಡಕ್ಕ ತಗದು, ಉಳಿದ ಎಲಿ ಕೈಲೆ ಉದುರಸ್ರಿ. ಡಿಸೆಂಬರ್ ನಡುವ ಸವರಿದ್ರ ನಮ್ಮ ಕಡೆ ಚಳಿಗೆ ಚಿಗುರು ಏಳೂದು ತಡ ಆಗತೈತಿ. ಆರೂ ಒಮ್ಮೆಲೆ ಬ್ಯಾಡ, ಎರಡು ಜನವರಿಗೆ ಇಡ್ರಿ, ಮೊದಲಿನವು ಇಳಿಯೂ ಹೊತ್ತಿಗೆ ಅವು ಹೂವಿಗೆ ಬರ್ತಾವ.

ಸವರಿದ ವಾರಕ್ಕ ಗಿಡಕ್ಕ 10 ಕೆಜಿ ಕಳಿತ ತಿಪ್ಪಿ ಗೊಬ್ಬರ, 65 ಗ್ರಾಂ ಯೂರಿಯಾ, 375 ಗ್ರಾಂ ಸೂಪರ್ ಫಾಸ್ಫೇಟ್, 100 ಗ್ರಾಂ ಪೊಟ್ಯಾಷ್. ಬುಡಕ್ಕ ಸುರೀಬ್ಯಾಡ್ರಿ, ಒಂದು ಅಡಿ ದೂರ ಸುತ್ತ ಗುಂಡಿ ತಗದು ಹಾಕಿ ಮಣ್ಣು ಮುಚ್ಚಿ ನೀರು ಬಿಡ್ರಿ. ಇಷ್ಟ ಜುಲೈಕ್ಕ ಇನ್ನೊಮ್ಮೆ. ಇದು ನೆಲದಾಗಿನ ಬೆಳದ ಗಿಡದ ಲೆಕ್ಕ, ಕುಂಡಕ್ಕ ಹಾಕಿದ್ರ ಬೇರು ಸುಡತಾವ.

ಎರಿಹೊಲ, ಗದಗ
ಹಳದಿಗೆ ಯೂರಿಯಾ ಮದ್ದಲ್ರೀ. ಯೂರಿಯಾ ಕೊಡೂದು ಸಾರಜನಕ, ಅದು ಕಡಿಮಿ ಆದ್ರ ಹಳೇ ಎಲಿ ಮೊದಲ ಹಳದಿ ಆಗ್ತಾವ. ಹೊಸ ಎಲಿ ಹಳದಿ, ನರ ಹಸರ ಅಂದ್ರ ಕಬ್ಬಿಣದ ಕೊರತಿ. ಎರಿ ಮಣ್ಣಾಗ ಸುಣ್ಣ ಜಾಸ್ತಿ, ಕಬ್ಬಿಣ ಇದ್ರೂ ಬೇರಿಗೆ ಸಿಗೂದಿಲ್ಲ, ಬೋರ್ ನೀರಾಗ ಸುಣ್ಣ ಇದ್ರ ಇನ್ನೂ ಕಷ್ಟ. ಫೆರಸ್ ಸಲ್ಫೇಟ್ (ಕಬ್ಬಿಣದ ಉಪ್ಪು) ಮಣ್ಣಿಗೆ ಹಾಕಿದ್ರೂ ಅಲ್ಲೇ ಸಿಕ್ಕೊಂಡು ಬಿಡತೈತಿ, ಎಲಿಗೆ ಹೊಡೀರಿ: ಲೀಟರಿಗೆ 5 ಗ್ರಾಂ, ಅರ್ಧ ಲಿಂಬಿ ರಸ, ಸಂಜಿಮುಂದ, ಹದಿನೈದು ದಿನಕ್ಕೊಮ್ಮೆ, ಎಲಿ ಹಸರಾಗೂತನಕ. ಅದರ ಹಸರ ಹರಳು ಹೊಸಾದಿರಬೇಕು, ಕಂದು ತಿರುಗಿದ್ದು ಕೆಲಸಕ್ಕ ಬಾರದು. ಬುಡದಾಗ ನೀರು ನಿಲ್ಲತಿದ್ರ ಮೊದಲ ಅದಕ್ಕ ದಾರಿ ಮಾಡ್ರಿ, ಬೇರಿಗೆ ಗಾಳಿ ಇಲ್ಲಂದ್ರ ಸಿಂಪಡಿಸಿದ್ದೂ ತಾತ್ಕಾಲಿಕ.

ಮಸಾರಿತೋಟ, ಧಾರವಾಡ
ಖರೆ ಐತಿ. ಫೆಬ್ರವರಿಯಿಂದ ಮೊಗ್ಗು ನೋಡ್ಕೋತ ಇರ್ರಿ. ನೇರಳಿ ಬಣ್ಣ ತಿರುಗಿ ತೂತು ಬಿದ್ದಿದ್ರ ಮೊಗ್ಗು ಕೊರಿಯೂ ಹುಳ. ಅಂಥಾ ಮೊಗ್ಗು ಕಿತ್ತು ಸೋಪಿನ ನೀರಿಗೆ ಹಾಕ್ರಿ, ಬೇವಿನೆಣ್ಣಿ ಲೀಟರಿಗೆ 5 ಮಿಲಿ, ಚೂರು ಸೋಪು ಕಲಸಿ ಸಂಜಿಗೆ ಹೊಡೀರಿ, ಮೊಗ್ಗು ರಾಗಿ ಕಾಳಿನಷ್ಟು ಇದ್ದಾಗಲೇ.

ಹಿತ್ತಲಹೂ, ಹುಬ್ಬಳ್ಳಿ
ಪಕ್ಕದಾಗ ಕಾಕಡಾ ಮಲ್ಲಿಗೀನೂ ಐತ್ರಿ, ಅದನ್ನೂ ಈಗ ಸವರಲೇನು?

ಎರಿಹೊಲ, ಗದಗ
ಬ್ಯಾಡ್ರಿ! ಕಾಕಡಾ ಚಳಿಗಾಲದ ಹೂವು, ಈಗ ಕತ್ತರಿ ಹಾಕಿದ್ರ ಈ ವರ್ಷದ ಹೂವು ಹೋದಂಗ. ಹೂವು ಮುಗದ ಮ್ಯಾಲ ಸವರ್ರಿ.