ಓದುವಾಗ ತಿಂದ ತಿಂಡಿ, ತಿನ್ನುವಾಗ ನೆನಪಾಗುವ ಕಥೆ

ಪ್ರಶ್ನೆ
ಬಾಲ್ಯದಲ್ಲಿ ರಜೆಯ ಮಧ್ಯಾಹ್ನಗಳಲ್ಲಿ ಹುರಿದ ಕಡಲೆಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಪತ್ತೇದಾರಿ ಕಥೆಗಳನ್ನು ಓದುತ್ತಿದ್ದೆ. ಇಂದಿಗೂ ಅದರ ವಾಸನೆ ಮೂಗಿಗೆ ಬಡಿದರೆ ಸಾಕು, ಬೀಗ ಹಾಕಿದ ಕೋಣೆ, ಕಿಟಕಿಯ ಕೆಳಗಿನ ಹೆಜ್ಜೆಗುರುತು, ಪುಟ ತಿರುಗಿಸುವ ಆತುರ ಎಲ್ಲವೂ ಒಮ್ಮೆಲೇ ಎದ್ದು ಬರುತ್ತವೆ. ಆದರೆ ಅದೇ ಪುಸ್ತಕವನ್ನು ಈಗ ಕೈಗೆತ್ತಿಕೊಂಡರೆ ಕಡಲೆಕಾಯಿ ತಿಂದದ್ದು ನೆನಪಾಗುತ್ತದೆಯೇ ಹೊರತು ಬಾಯಿಗೆ ರುಚಿ ಬರುವುದಿಲ್ಲ. ಈ ನಂಟು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವುದೇಕೆ? ನಿಮಗೂ ಹೀಗಾಗುತ್ತದೆಯೇ?

ಮೊದಲ ಉತ್ತರ
ವಾಸನೆಯ ದಾರಿಯೇ ಬೇರೆ. ನೋಟ, ಶಬ್ದ, ಸ್ಪರ್ಶಗಳ ಸಂಕೇತಗಳು ಥಲಾಮಸ್ ಎಂಬ ಭಾಗವನ್ನು ಹಾದು ಮಿದುಳಿನ ಹೊರಪದರವನ್ನು ತಲುಪುತ್ತವೆ. ವಾಸನೆಯ ಸಂಕೇತವಾದರೋ ಥಲಾಮಸ್ಸಿಗೆ ಹೋಗದೆಯೇ, ಭಾವನೆಗೆ ಸಂಬಂಧಿಸಿದ ಅಮಿಗ್ಡಲಕ್ಕೂ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ಸಿನ ಆಸುಪಾಸಿನ ಭಾಗಗಳಿಗೂ ಬೇಗನೆ ಸೇರಿಬಿಡುತ್ತದೆ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು, ಅಗಿಯುವಾಗ ಗಂಟಲಿನ ಹಿಂಬದಿಯಿಂದ ಮೂಗಿಗೇರುವ ವಾಸನೆಯದೇ. ನೆಗಡಿಯಾದಾಗ ಊಟ ಸಪ್ಪೆಯೆನಿಸುವುದು ಅದಕ್ಕಾಗಿ. ಇನ್ನು ಹಿಮ್ಮುಖದ ಮಾತು: ಕಣ್ಣು ಮುಚ್ಚಿ ಪರಿಚಿತ ಮುಖವೊಂದನ್ನು ಕಲ್ಪಿಸಿಕೊಳ್ಳುವಷ್ಟು ಸುಲಭವಾಗಿ ವಾಸನೆಯನ್ನು ಕಲ್ಪಿಸಿಕೊಳ್ಳಲು ಹೆಚ್ಚಿನವರಿಗೆ ಆಗುವುದಿಲ್ಲ. ಆದ್ದರಿಂದ ಪುಸ್ತಕವು ತಿಂಡಿಯ ವಿಷಯವನ್ನು ನೆನಪಿಸೀತು, ಅದರ ಘಮವನ್ನಲ್ಲ.

ಎರಡನೆಯ ಉತ್ತರ
ಮೂಗಿನ ವಿವರಣೆ ಸರಿ, ಆದರೆ ಗಮನವನ್ನು ಮರೆಯಬಾರದು. ಕಥೆಯಲ್ಲಿ ಮುಳುಗಿದವನು ರುಚಿ ನೋಡುವುದೇ ಕಡಿಮೆ. ಕೈ ತನ್ನಷ್ಟಕ್ಕೆ ತಟ್ಟೆಗೂ ಬಾಯಿಗೂ ಓಡಾಡುತ್ತಿರುತ್ತದೆ. ಬೇರೆಡೆ ಗಮನವಿಟ್ಟು ತಿಂದವರಿಗೆ ತಿಂದದ್ದರ ನೆನಪು ಮಸುಕಾಗಿರುತ್ತದೆ, ಆಮೇಲೆ ಇನ್ನಷ್ಟು ತಿನ್ನುವ ಸಾಧ್ಯತೆಯೂ ಇರುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದ ಸಂಗತಿ. (ತಟ್ಟೆ ಖಾಲಿಯಾದದ್ದಕ್ಕೆ ತಮ್ಮನ ಮೇಲೆ ಅನುಮಾನ ಪಡುತ್ತಿದ್ದುದು ಬಹುಶಃ ಅನ್ಯಾಯ.) ನಾನು ಹಾಲಿನಲ್ಲಿ ಬಿಸ್ಕತ್ತು ಅದ್ದಿಕೊಂಡು ದೆವ್ವದ ಕಥೆಗಳನ್ನು ಓದುತ್ತಿದ್ದೆ. ಭಯ ಹುಟ್ಟಿಸುವ ತಿರುವು ಬಂದಾಗ ಎತ್ತುವುದನ್ನು ಮರೆತು, ಬಿಸ್ಕತ್ತು ಕರಗಿ ಲೋಟದ ತಳ ಸೇರುತ್ತಿತ್ತು. ಆ ಬಿಸ್ಕತ್ತಿನ ರುಚಿ ಏನಿತ್ತೆಂದು ಕೇಳಿದರೆ ಹೇಳಲಾರೆ. ದೆವ್ವ ಎಲ್ಲಿ ನಿಂತಿತ್ತೆಂದು ಹೇಳಬಲ್ಲೆ.

ಮೂರನೆಯ ಉತ್ತರ
ಒಂದು ಎಚ್ಚರಿಕೆ ಸೇರಿಸುತ್ತೇನೆ. ಒಂದೇ ಸುಳಿವಿಗೆ ಹಲವು ನೆನಪುಗಳು ಅಂಟಿಕೊಂಡಷ್ಟೂ ಅವುಗಳಲ್ಲಿ ಒಂದನ್ನು ಎಬ್ಬಿಸುವ ಅದರ ಶಕ್ತಿ ಕುಂದುತ್ತದೆ. ಬಿಸ್ಕತ್ತನ್ನು ಈಗ ಕಚೇರಿಯ ಪ್ರತಿಯೊಂದು ಸಭೆಯಲ್ಲೂ ತಿನ್ನುವ ನನಗೆ ಅದರಿಂದ ಯಾವ ಕಥೆಯೂ ನೆನಪಾಗುವುದಿಲ್ಲ. ಅಪರೂಪಕ್ಕೆ ಸಿಗುವ ಶುಂಠಿ ಮಿಠಾಯಿಯಿಂದ ಮಾತ್ರ ಸಮುದ್ರಯಾನದ ಕಥೆಯೊಂದು ಹಡಗಿನ ಸಮೇತ ಬರುತ್ತದೆ. ಕಡಲೆಕಾಯಿಯನ್ನು ನೀವು ಇತ್ತೀಚೆಗೆ ದಿನವೂ ತಿನ್ನುತ್ತಿಲ್ಲವೆಂದು ಊಹಿಸುತ್ತೇನೆ. ಪತ್ತೇದಾರಿ ಕಥೆಗಳು ಉಳಿಯಬೇಕಿದ್ದರೆ ಹಾಗೆಯೇ ಮುಂದುವರಿಸಿ.